ತಾಯಿಯ ತವರಿನ ಹೆಸರು ಹಿಡಿದು: ಸ್ಕಾಟ್‌ಲೆಂಡಿನ ಪೂರ್ವಜರನ್ನು ಹುಡುಕುವುದು ಹೇಗೆ?

ಸ್ಕಾಟ್‌ಲೆಂಡ್ ಮೂಲದ ಕುಟುಂಬವೊಂದರ ವಂಶಾವಳಿಯನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಹಿರಿಯರ ಹುಟ್ಟಿನ ದಾಖಲೆಗಾಗಿ ತಡಕಾಡುತ್ತಾರೆ. ಅದಕ್ಕಿಂತ ಸಾವಿನ ದಾಖಲೆಯಿಂದ ಆರಂಭಿಸುವುದು ಲೇಸು. ಅಲ್ಲಿ ಜನನ, ವಿವಾಹ, ಮರಣಗಳ ಕಡ್ಡಾಯ ಸರ್ಕಾರಿ ನೋಂದಣಿ ಜಾರಿಗೆ ಬಂದದ್ದು 1855ರ ಜನವರಿ 1ರಂದು. ಇಂಗ್ಲೆಂಡಿನಲ್ಲಿ ಅದು 1837ರಲ್ಲೇ ಶುರುವಾಗಿತ್ತಾದರೂ, ತಡವಾಗಿ ಬಂದ ಸ್ಕಾಟ್‌ಲೆಂಡಿನ ದಾಖಲೆಗಳು ಹೆಚ್ಚು ವಿವರವಾದವು. ಮೃತರ ತಂದೆಯ ಹೆಸರು ಮತ್ತು ವೃತ್ತಿ, ತಾಯಿಯ ಹೆಸರು ಮತ್ತು ಆಕೆಯ ತವರುಮನೆಯ ಕುಲನಾಮ ಇವೆಲ್ಲ ಮರಣ ದಾಖಲೆಯಲ್ಲೇ ಸಿಗುತ್ತವೆ. 1860ರಲ್ಲಿ ಎಂಬತ್ತರ ಪ್ರಾಯದಲ್ಲಿ ತೀರಿಕೊಂಡ ಒಬ್ಬರ ದಾಖಲೆ ಸಿಕ್ಕಿತೆಂದರೆ, ಹದಿನೆಂಟನೆಯ ಶತಮಾನದ ದಂಪತಿಯೊಬ್ಬರ ಹೆಸರು ಕೈಗೆ ಬಂದಂತಾಯಿತು.

ಇಲ್ಲಿ ತಾಯಿಯ ಕುಲನಾಮವೇ ಮುಖ್ಯವಾದ ಎಳೆ. ಸ್ಕಾಟ್‌ಲೆಂಡಿನಲ್ಲಿ ಮದುವೆಯಾದ ಮೇಲೂ ಹೆಂಗಸಿನ ತವರಿನ ಹೆಸರು ಕಾಗದಪತ್ರಗಳಲ್ಲಿ ಉಳಿಯುತ್ತದೆ. ಸಮಾಧಿಯ ಕಲ್ಲುಗಳ ಮೇಲೂ ಅನೇಕ ಕಡೆ ಹೆಂಡತಿಯ ಹೆಸರನ್ನು ಹಾಗೆಯೇ ಕೆತ್ತಿರುತ್ತಾರೆ. ಒಂದೇ ಊರಿನಲ್ಲಿ ಹತ್ತು ಮಂದಿ ಡೊನಾಲ್ಡ್ ಮ್ಯಾಕ್‌ಡೊನಾಲ್ಡ್‌ಗಳಿದ್ದಾಗ ಯಾರು ನಿಮ್ಮವರೆಂದು ಬೇರ್ಪಡಿಸಿ ತೋರಿಸುವುದು ಅವರ ತಾಯಿಯ ಹೆಸರೇ ಹೊರತು ಅವರ ಸ್ವಂತ ಹೆಸರಲ್ಲ.

ಹುಡುಕಾಟದ ಮುಖ್ಯ ತಾಣ ‘ಸ್ಕಾಟ್‌ಲೆಂಡ್ಸ್ ಪೀಪಲ್’. ಇದು ಎಡಿನ್‌ಬರೋದಲ್ಲಿರುವ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್‌ಲೆಂಡ್ ನಡೆಸುವ ಅಧಿಕೃತ ಜಾಲತಾಣ. ಖಾತೆ ತೆರೆದು ಹೆಸರಿನ ಸೂಚಿಯನ್ನು ನೋಡಲು ಬಹುಮಟ್ಟಿಗೆ ಹಣ ಬೇಕಾಗಿಲ್ಲ. ಮೂಲ ಪುಟದ ಚಿತ್ರ ಬೇಕಾದಾಗ ಮೊದಲೇ ಕೊಂಡಿಟ್ಟ ಕ್ರೆಡಿಟ್‌ಗಳನ್ನು ವ್ಯಯಿಸಬೇಕು. ಹಾಗಾಗಿ ಸೂಚಿಯಲ್ಲಿ ವರ್ಷ, ಊರು, ತಾಯಿಯ ಕುಲನಾಮಗಳನ್ನು ಹಾಕಿ ಸಾಧ್ಯವಿದ್ದಷ್ಟು ಜರಡಿ ಹಿಡಿದ ನಂತರವೇ ಪುಟವನ್ನು ತೆರೆಯುವುದು ಜಾಣತನ. ಖಾಸಗಿತನದ ಕಾರಣದಿಂದ ಜನನದ ಪುಟಗಳನ್ನು 100 ವರ್ಷ, ವಿವಾಹದವನ್ನು 75 ವರ್ಷ, ಮರಣದವನ್ನು 50 ವರ್ಷ ಕಳೆಯುವವರೆಗೆ ಆನ್‌ಲೈನಿನಲ್ಲಿ ತೋರಿಸುವುದಿಲ್ಲ. ತೀರ ಈಚಿನ ತಲೆಮಾರಿಗೆ ಪ್ರಮಾಣಪತ್ರದ ನಕಲನ್ನು ತರಿಸಿಕೊಳ್ಳಬೇಕಾಗುತ್ತದೆ.

ಮರಣ ದಾಖಲೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅದರಲ್ಲಿರುವುದು ಮಾಹಿತಿ ಕೊಟ್ಟವರಿಗೆ ಗೊತ್ತಿದ್ದಷ್ಟು. ಅಳಿಯನೋ ನೆರೆಯವನೋ ಹೇಳಿ ಬರೆಸಿದ್ದರೆ ಮೃತರ ತಾಯಿಯ ಹೆಸರು ತಪ್ಪಿರಬಹುದು. ಮಾಹಿತಿ ಕೊಟ್ಟವರು ಯಾರು ಎಂಬುದೂ ಅದೇ ಸಾಲಿನಲ್ಲಿರುವುದರಿಂದ ಅದನ್ನು ಓದದೆ ಮುಂದೆ ಹೋಗಬಾರದು. ವಿವಾಹ ದಾಖಲೆ ಇದಕ್ಕಿಂತ ಗಟ್ಟಿ, ಏಕೆಂದರೆ ವಧೂವರರು ತಮ್ಮ ತಮ್ಮ ತಂದೆತಾಯಿಗಳ ಹೆಸರನ್ನು ತಾವೇ ಬರೆಸಿರುತ್ತಾರೆ. ಎರಡೂ ಒಂದಕ್ಕೊಂದು ತಾಳೆಯಾದರೆ ಒಂದು ತಲೆಮಾರು ಮುಗಿಯಿತೆಂದು ತಿಳಿಯಬಹುದು. 1855ರ ಒಂದು ವರ್ಷದ ಜನನ ದಾಖಲೆಗಳಲ್ಲಂತೂ ತಂದೆತಾಯಿಗಳ ವಯಸ್ಸು, ಅವರು ಹುಟ್ಟಿದ ಊರು, ಮಗುವಿನ ಒಡಹುಟ್ಟಿದವರ ವಿವರ ಎಲ್ಲ ಇವೆ. ಅಷ್ಟೊಂದು ಬರೆಯುವುದು ಹೊರೆಯಾಯಿತೆಂದು ಮರುವರ್ಷವೇ ಅಂಕಣಗಳನ್ನು ಕಡಿತಗೊಳಿಸಿದರು. ಕುಟುಂಬದ ಯಾರಾದರೂ, ದಾಯಾದಿಗಳಾದರೂ ಸರಿ, ಆ ವರ್ಷ ಹುಟ್ಟಿದ್ದರೆ ಆ ಪುಟಕ್ಕೆ ಹಣ ಕೊಡಲು ಹಿಂದೆಮುಂದೆ ನೋಡಬಾರದು.

ಮುಂದಿನ ಹೆಜ್ಜೆ ಜನಗಣತಿ. 1841ರಿಂದ 1921ರವರೆಗಿನ ಹತ್ತು ವರ್ಷಗಳಿಗೊಮ್ಮೆಯ ಗಣತಿಗಳು ಈಗ ನೋಡಲು ಸಿಗುತ್ತವೆ. 1841ರದ್ದು ಅಷ್ಟೇನೂ ಉಪಯೋಗಕ್ಕೆ ಬಾರದು: ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, ಮನೆಯವರ ನಡುವಿನ ಸಂಬಂಧವನ್ನು ಬರೆದೇ ಇಲ್ಲ. 1851ರಿಂದ ಯಾರು ಯಾರಿಗೆ ಏನಾಗಬೇಕು, ಯಾವ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಹುಟ್ಟಿದವರು ಎಂಬ ವಿವರಗಳು ದೊರೆಯುತ್ತವೆ. 1861ರಿಂದ ಆ ಕುಟುಂಬದ ವಾಸಕ್ಕೆ ಕಿಟಕಿಯುಳ್ಳ ಎಷ್ಟು ಕೋಣೆಗಳಿದ್ದವು ಎಂಬುದನ್ನೂ ಬರೆಯತೊಡಗಿದರು. ಎಂಟು ಜನರ ಸಂಸಾರದ ಎದುರಿಗೆ ಕೋಣೆ ಒಂದು ಎಂದು ಕಂಡಾಗ ಆ ಮನೆಯ ಸ್ಥಿತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

1855ಕ್ಕಿಂತ ಹಿಂದೆ ಹೋಗಲು ಉಳಿಯುವುದು ಪ್ಯಾರಿಷ್ ಚರ್ಚುಗಳ ಹಳೆಯ ರಿಜಿಸ್ಟರುಗಳು. ಅವುಗಳಲ್ಲಿ ಅತ್ಯಂತ ಹಳೆಯದು ಪರ್ತ್‌ಶೈರ್‌ನ ಎರಲ್ ಪ್ಯಾರಿಷ್‌ನದು. ಅದು 1553ರಿಂದ ಆರಂಭವಾಗುತ್ತದೆ. ಆದರೆ ಎಲ್ಲೆಡೆ ಅಂಥ ಭಾಗ್ಯವಿಲ್ಲ. ಹೈಲ್ಯಾಂಡ್ಸ್ ಎಂಬ ಉತ್ತರದ ಗುಡ್ಡಗಾಡು ಮತ್ತು ದ್ವೀಪಗಳ ಅನೇಕ ಪ್ಯಾರಿಷ್‌ಗಳಲ್ಲಿ ದಾಖಲೆಗಳು ಬಹಳ ತಡವಾಗಿ ಶುರುವಾಗುತ್ತವೆ. 1783ರಿಂದ 1794ರವರೆಗೆ ಪ್ರತಿ ದಾಖಲೆಗೂ ಮೂರು ಪೆನ್ಸ್ ತೆರಿಗೆಯಿದ್ದುದರಿಂದ ಬಡವರು ಬರೆಸದೆ ಬಿಟ್ಟದ್ದುಂಟು. 1843ರಲ್ಲಿ ಸ್ಕಾಟ್‌ಲೆಂಡಿನ ಚರ್ಚಿನಲ್ಲಿ ಒಡಕುಂಟಾಗಿ ‘ಫ್ರೀ ಚರ್ಚ್’ ಎಂಬ ಬೇರೆ ಪಂಗಡ ಹುಟ್ಟಿದ ಮೇಲೆ ಅದರ ಕಡೆಗೆ ಹೋದವರ ಮಕ್ಕಳ ಹೆಸರು ಹಳೆಯ ಪುಸ್ತಕದಲ್ಲಿ ಕಾಣದಿರಬಹುದು.

ಇಂಥ ಕಡೆ ನೆರವಿಗೆ ಬರುವುದು ಹೆಸರಿಡುವ ಪದ್ಧತಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯದೇ ಹೆಸರು. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು. 1759ರಲ್ಲಿ ಆಲೊವೇ ಎಂಬಲ್ಲಿ ಹುಟ್ಟಿದ ಕವಿ ರಾಬರ್ಟ್ ಬರ್ನ್ಸ್‌ನ ಮನೆ ಇದಕ್ಕೆ ಒಳ್ಳೆಯ ಉದಾಹರಣೆ. ಹಿರಿಯ ಮಗನಾದ ಅವನಿಗೆ ತಂದೆಯ ತಂದೆ ರಾಬರ್ಟ್‌ನ ಹೆಸರು, ತಮ್ಮ ಗಿಲ್ಬರ್ಟ್‌ಗೆ ತಾಯಿಯ ತಂದೆ ಗಿಲ್ಬರ್ಟ್ ಬ್ರೌನ್‌ನ ಹೆಸರು, ಮೂರನೆಯ ಮಗನಿಗೆ ತಂದೆ ವಿಲಿಯಂನ ಹೆಸರು. ತಂದೆ ತನ್ನ ಕುಲನಾಮವನ್ನು ‘ಬರ್ನೆಸ್’ ಎಂದು ಬರೆಯುತ್ತಿದ್ದ, ಮಕ್ಕಳು ‘ಬರ್ನ್ಸ್’ ಮಾಡಿಕೊಂಡರು. ಆದ್ದರಿಂದ ಒಂದೇ ಕಾಗುಣಿತಕ್ಕೆ ಅಂಟಿಕೊಂಡು ಹುಡುಕಿದವರಿಗೆ ಅರ್ಧ ಮನೆಯೇ ಸಿಗುವುದಿಲ್ಲ. ಹೆಸರಿಡುವ ಪದ್ಧತಿಯನ್ನು ಎಲ್ಲರೂ ಪಾಲಿಸಲಿಲ್ಲವೆಂಬುದೂ ನೆನಪಿರಲಿ. ಅದು ಸುಳಿವು ಮಾತ್ರ, ಪುರಾವೆಯಾಗಲಾರದು.

ತಂದೆಯ ಹೆಸರಿನ ಜಾಗ ಖಾಲಿಯಿದ್ದರೆ ‘ಕರ್ಕ್ ಸೆಷನ್’ ಎಂಬ ಚರ್ಚಿನ ಹಿರಿಯರ ಸಭೆಯ ನಡಾವಳಿಗಳನ್ನು ತೆರೆಯಬೇಕು. ಮದುವೆಯಿಲ್ಲದೆ ಗರ್ಭಿಣಿಯಾದವಳನ್ನು ಕರೆಸಿ, ತಂದೆ ಯಾರೆಂದು ಕೇಳಿ, ಬರೆದಿಡುತ್ತಿದ್ದ ಪುಸ್ತಕಗಳಿವು. ಬರ್ನ್ಸ್ ಮತ್ತು ಮುಂದೆ ಅವನ ಹೆಂಡತಿಯಾದ ಜೀನ್ ಆರ್ಮರ್ 1786ರಲ್ಲಿ ಮಾಕ್ಲಿನ್ ಊರಿನ ಸಭೆಯ ಕಟ್ಟಳೆಗೆ ಒಳಗಾದವರೇ. ಅಂದಿನ ಹೆಂಗಸರಿಗೆ ಎಷ್ಟೋ ಅವಮಾನವಾಗಿದ್ದ ಈ ವಿಚಾರಣೆ ಇಂದಿನ ಹುಡುಕಾಟಗಾರರಿಗೆ ಬೇರೆಲ್ಲೂ ಸಿಗದ ಹೆಸರನ್ನು ಕೊಡುತ್ತದೆ ಎಂಬುದು ಒಪ್ಪಿಕೊಳ್ಳಲು ಕಷ್ಟವಾದರೂ ನಿಜ.

ಇನ್ನು ಫೋಟೋಗಳು. ಫೋಟೋದಲ್ಲಿರುವ ಮುಖಕ್ಕೆ ಹೆಸರು ಹಚ್ಚುವ ಆತುರ ಬೇಡ. ಮೊದಲು ಅದರ ಕಾಲವನ್ನು ಗೊತ್ತುಮಾಡಿಕೊಳ್ಳಿ. ಕನ್ನಡಿಯಂತೆ ಹೊಳೆಯುವ ತಗಡಿನ ಮೇಲಿದ್ದರೆ ಅದು 1840–50ರ ದಶಕಗಳ ಡಗೆರೋಟೈಪ್ ಇರಬಹುದು. ಸುಮಾರು 6 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ರಟ್ಟಿಗೆ ಅಂಟಿಸಿದ ಚಿತ್ರವಾದರೆ ಅದು 1860ರ ದಶಕದಲ್ಲಿ ಮನೆಮಾತಾದ ‘ಕಾರ್ಟ್ ಡಿ ವಿಸಿಟ್’. ಅದಕ್ಕಿಂತ ದೊಡ್ಡದು 1866ರ ನಂತರ ಬಂದ ಕ್ಯಾಬಿನೆಟ್ ಕಾರ್ಡ್. ಹೆಂಗಸರ ಉಡುಪಿನಲ್ಲಿ ಅಗಲವಾಗಿ ಹರಡಿದ ಕ್ರಿನೊಲಿನ್ ಲಂಗವಿದ್ದರೆ 1860ರ ಆಸುಪಾಸು, ಭುಜದ ಬಳಿ ಬುಗ್ಗೆಯಂತೆ ಉಬ್ಬಿದ ತೋಳಿದ್ದರೆ 1890ರ ದಶಕದ ನಡುಭಾಗ. ರಟ್ಟಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು, ವಿಳಾಸ ಅಚ್ಚಾಗಿದ್ದರೆ ಅದೃಷ್ಟವೇ ಸರಿ. ಆ ಸ್ಟುಡಿಯೋ ಆ ಬೀದಿಯಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತೆಂಬುದನ್ನು, ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್‌ಲೆಂಡ್ ಉಚಿತವಾಗಿ ಆನ್‌ಲೈನಿನಲ್ಲಿಟ್ಟಿರುವ ಹಳೆಯ ಪೋಸ್ಟ್ ಆಫೀಸ್ ಡೈರೆಕ್ಟರಿಗಳಲ್ಲಿ ನೋಡಬಹುದು. ಹೀಗೆ ಸಿಕ್ಕ ನಾಲ್ಕೈದು ವರ್ಷಗಳ ಅವಧಿಯನ್ನು ಜನಗಣತಿಯ ಪಕ್ಕದಲ್ಲಿಟ್ಟು, ಆಗ ಆ ಊರಿನಲ್ಲಿದ್ದ ಮನೆಯವರ ಪೈಕಿ ಯಾರಿಗೆ ಆ ವಯಸ್ಸು ಹೊಂದುತ್ತದೆಂದು ನೋಡಿ. ಚಿತ್ರದಲ್ಲಿರುವವರು ಕಿಲ್ಟ್ ಎಂಬ ಚೌಕಳಿ ಪಟ್ಟೆಯ ಲಂಗದಂಥ ಉಡುಪು ಉಟ್ಟಿದ್ದಾರೆಂಬ ಮಾತ್ರಕ್ಕೆ ಆ ಪಟ್ಟೆಯನ್ನು ತಮ್ಮದೆನ್ನುವ ಕುಲದವರೆಂದು ತೀರ್ಮಾನಿಸಬಾರದು. ಹೈಲ್ಯಾಂಡ್ ರೆಜಿಮೆಂಟಿನ ಸಿಪಾಯಿಗಳು ತಮ್ಮ ಊರು ಯಾವುದೇ ಇರಲಿ, ರೆಜಿಮೆಂಟಿನ ಕಿಲ್ಟನ್ನೇ ಉಡಬೇಕಿತ್ತು.

ಬೆಂಗಳೂರಿನ ದಂಡು ಪ್ರದೇಶದ ಆಂಗ್ಲೋ-ಇಂಡಿಯನ್ ಮನೆತನಗಳಲ್ಲಿ ಸ್ಕಾಟಿಷ್ ಮೂಲದವೂ ಇವೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್ 1866ರಲ್ಲಿ ಎದ್ದದ್ದೇ ಸ್ಕಾಟಿಷ್ ಪ್ರೆಸ್ಬಿಟೇರಿಯನ್ನರಿಗಾಗಿ. ಇಂಥ ಮನೆಯವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ಮದರಾಸು ಪ್ರಾಂತ್ಯದ ಚರ್ಚ್ ಪಟ್ಟಿಗಳನ್ನು ನೋಡಬೇಕು. ಸ್ಕಾಟ್‌ಲೆಂಡಿನಲ್ಲಿ ಕೈಹಿಡಿದು ನಡೆಸುವ ತಾಯಿಯ ಹೆಸರು ಇಲ್ಲಿ ಕೈಕೊಡುತ್ತದೆ, ಏಕೆಂದರೆ ಭಾರತೀಯ ತಾಯಂದಿರ ಹೆಸರನ್ನು ದೀಕ್ಷಾಸ್ನಾನದ ಪಟ್ಟಿಯಲ್ಲಿ ಎಷ್ಟೋ ಸಲ ಬರೆದೇ ಇಲ್ಲ. ಅಂಥಲ್ಲಿ ತಂದೆಯ ಉಯಿಲನ್ನು ಹುಡುಕಿ; ಮಕ್ಕಳಿಗೂ ಅವರ ತಾಯಿಗೂ ಆಸ್ತಿ ಬಿಟ್ಟಿದ್ದರೆ ಅದರಲ್ಲಿ ಆಕೆಯ ಹೆಸರು ಇರುವ ಸಾಧ್ಯತೆಯಿದೆ. ತಂದೆ ಬ್ರಿಟಿಷ್ ಸೇನೆಯ ಸಿಪಾಯಿಯಾಗಿದ್ದು ಪಿಂಚಣಿ ಪಡೆದು ನಿವೃತ್ತನಾಗಿದ್ದರೆ, ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಬಿಡುಗಡೆ ಪತ್ರಗಳಲ್ಲಿ ಅವನು ಹುಟ್ಟಿದ ಪ್ಯಾರಿಷ್ ಬರೆದಿರುತ್ತದೆ. ಪ್ಯಾರಿಷ್ ತಿಳಿದ ಮೇಲೆ ಅಲ್ಲಿಯ ಹಳೆಯ ರಿಜಿಸ್ಟರನ್ನು ತೆರೆದು, ಅವನ ತಾಯಿಯ ಕುಲನಾಮದಿಂದ ಮುಂದಿನ ಹುಡುಕಾಟವನ್ನು ಶುರುಮಾಡಬಹುದು.