ಕೊನೆಯ ಪುಸ್ತಕ ಓದುವ ಮುಂಚೆ ಮೊದಲನೆಯದನ್ನು ತೆಗೆಯಿರಿ

ಮಕ್ಕಳ ಮಾಯಾಲೋಕದ ಸಾಹಸ ಸರಣಿಯೊಂದರ ಕೊನೆಯ ಪುಸ್ತಕ ಕೈಗೆ ಬಂದಿದೆಯಾ? ಈಗಲೇ ಶುರು ಮಾಡಬೇಡಿ. ಸರಣಿಯ ಮೊದಲ ಪುಸ್ತಕ ತೆಗೆದು ಅದನ್ನು ಇನ್ನೊಮ್ಮೆ ಓದಿ. ಕೊನೆಯದರ ಹಿಂದಿನ ಭಾಗವನ್ನು ಮಾತ್ರ ತಿರುವಿ ಹಾಕುವವರೇ ಜಾಸ್ತಿ. ಕಥೆ ಎಲ್ಲಿಗೆ ನಿಂತಿತ್ತು ಅಂತ ನೆನಪಾಗಲು ಅಷ್ಟು ಸಾಕು. ಆದರೆ ಒಳ್ಳೆಯ ಲೇಖಕರು ಕೊನೆಯ ಪುಸ್ತಕದಲ್ಲಿ ಉತ್ತರ ಕೊಡುವುದು ಮೊದಲ ಪುಸ್ತಕಕ್ಕೆ.

ಅಕ್ಕನ ಮಕ್ಕಳಿಬ್ಬರಿಗೆ ಇಂಥ ಸರಣಿಗಳನ್ನು ಓದಿ ಹೇಳುವುದು ನನಗೆ ತುಂಬಾ ಇಷ್ಟದ ಕೆಲಸ. ದೊಡ್ಡವಳು ಈಗ ತಾನಾಗಿಯೇ ಓದಿಕೊಳ್ಳುತ್ತಾಳೆ. ಚಿಕ್ಕವನಿಗೆ ಇನ್ನೂ ನಾನೇ ಓದಬೇಕು. ಅವರ ಜೊತೆ ಕೂತು ಓದುತ್ತಾ ಗೊತ್ತಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹ್ಯಾರಿ ಪಾಟರ್ ಸರಣಿಯನ್ನೇ ನೋಡಿ. ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರ ಜುಲೈ 21ರಂದು. ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ಹ್ಯಾಗ್ರಿಡ್ ಅನ್ನುವ ದೈತ್ಯದೇಹಿ ಹಾರುವ ಮೋಟಾರ್‌ಬೈಕಿನಲ್ಲಿ ಕೂಸು ಹ್ಯಾರಿಯನ್ನು ತಂದು ದೊಡ್ಡಮ್ಮನ ಮನೆ ಬಾಗಿಲಿಗೆ ಮುಟ್ಟಿಸುತ್ತಾನೆ. ಏಳನೆಯ ಪುಸ್ತಕದ ಶುರುವಿನಲ್ಲಿ ಹ್ಯಾರಿ ಆ ಮನೆ ಬಿಡುವುದೂ ಹ್ಯಾಗ್ರಿಡ್ ಜೊತೆಗೇ, ಅದೇ ಬೈಕಿನಲ್ಲಿ. ಮೊದಲನೆಯದನ್ನು ಈಗಷ್ಟೇ ಓದಿದ ಮಗು ಇಲ್ಲಿಗೆ ಬಂದಾಗ ಎದ್ದು ಕೂರುತ್ತದೆ. ಹಳೆಯದನ್ನು ಮರೆತ ಮಗುವಿಗೆ ಅದು ಸುಮ್ನೆ ಒಂದು ಬೈಕ್. ಇನ್ನೊಂದು ವಿಷಯ: ಪೊರಕೆಯ ಮೇಲೆ ಹಾರುತ್ತಾ ಆಡುವ ಕ್ವಿಡಿಚ್ ಆಟದ ತನ್ನ ಮೊದಲ ಪಂದ್ಯದಲ್ಲಿ ಹ್ಯಾರಿ ಸ್ನಿಚ್ ಅನ್ನುವ ಹಾರುವ ಚಿಕ್ಕ ಚೆಂಡನ್ನು ಹಿಡಿಯುವುದು ಕೈಯಲ್ಲಲ್ಲ, ಬಾಯಲ್ಲಿ. ಅದನ್ನು ನೆನಪಿಟ್ಟುಕೊಳ್ಳಿ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮತ್ತೆ ಓದುವಾಗ ಒಂದು ಹಾಳೆ ಪಕ್ಕದಲ್ಲಿರಲಿ. ಯಾರು ಯಾರಿಗೆ ಏನು ಕೊಟ್ಟರು, ಯಾವ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಲಿಲ್ಲ, ಯಾರು ಕಾಣೆಯಾದವರು ಇನ್ನೂ ಬಂದಿಲ್ಲ ಅನ್ನುವುದನ್ನು ಮಗುವಿನ ಕೈಯಲ್ಲೇ ಬರೆಸಿ. ಆಮೇಲೆ ಅದೇ ಹಾಳೆ ಕೊನೆಯ ಪುಸ್ತಕಕ್ಕೆ ಬುಕ್‌ಮಾರ್ಕ್ ಆಗಲಿ. ಉತ್ತರ ಸಿಕ್ಕಾಗ ಅವರೇ ಗುರುತು ಹಾಕುತ್ತಾರೆ. ಮುಂದೆ ಏನಾಗುತ್ತದೆ ಅಂತ ಊಹೆ ಬರೆಸುವುದು ನನಗೆ ಅಷ್ಟು ಇಷ್ಟವಿಲ್ಲ. ಊಹೆ ಬರೆದ ಮಗು ಕಥೆ ಕೇಳುವುದನ್ನು ಬಿಟ್ಟು ತಾನು ಗೆದ್ದೆನಾ ಸೋತೆನಾ ಅಂತ ನೋಡುತ್ತಿರುತ್ತದೆ.

ಯಾವ ಕ್ರಮದಲ್ಲಿ ಓದಬೇಕು ಅನ್ನುವ ಪ್ರಶ್ನೆ ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾ ಸರಣಿಯಲ್ಲಿ ಬರುತ್ತದೆ. 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕ ಬಂದವು. ಆರನೆಯದಾಗಿ ಬಂದ ಪುಸ್ತಕದ ಕಥೆ ಎಲ್ಲಕ್ಕಿಂತ ಹಿಂದೆ ನಡೆಯುವುದರಿಂದ ಎಷ್ಟೋ ಮುದ್ರಣಗಳಲ್ಲಿ ಅದಕ್ಕೇ ಒಂದನೇ ನಂಬರ್ ಹಾಕಿರುತ್ತಾರೆ. ಪ್ರಕಟವಾದ ಕ್ರಮದಲ್ಲೇ ಓದಿ ಅನ್ನುತ್ತೇನೆ ನಾನು. ಮೊದಲು ಬಂದ ಪುಸ್ತಕದಲ್ಲಿ ಬಟ್ಟೆ ಬೀರುವಿನೊಳಗೆ ನುಗ್ಗಿದ ಲೂಸಿ ಅನ್ನುವ ಹುಡುಗಿ ಹಿಮದ ಕಾಡಿನ ನಡುವೆ ಒಂದು ದೀಪದ ಕಂಬ ಕಾಣುತ್ತಾಳೆ. ಆ ಕಂಬ ಅಲ್ಲಿಗೆ ಹೇಗೆ ಬಂತು ಅಂತ ಮೊದಲೇ ಗೊತ್ತಿದ್ದರೆ ಬೆರಗು ಎಲ್ಲಿಂದ ಬರಬೇಕು? ಹೇಗೆ ಓದಿದರೂ ಕೊನೆಯ ಪುಸ್ತಕ ಮಾತ್ರ ಒಂದೇ.

ಕೊನೆಯ ಪುಸ್ತಕಗಳು ಶುರುವಾಗುವ ರೀತಿ ಮಕ್ಕಳಿಗೆ ಹಿಡಿಸದೇ ಇರಬಹುದು, ಅದನ್ನು ಮೊದಲೇ ಹೇಳಿಡಿ. ನಾರ್ನಿಯಾದ ಕೊನೆಯ ಭಾಗ ಶುರುವಾಗುವುದು ಒಂದು ವಾನರ ಮತ್ತು ಒಂದು ಕತ್ತೆಯಿಂದ. ನಮಗೆ ಗೊತ್ತಿರುವ ಮಕ್ಕಳು ಬರುವುದು ತಡವಾಗಿ. ಹ್ಯಾರಿಯ ಏಳನೆಯ ಪುಸ್ತಕದಲ್ಲಿ ಬಹಳ ಹೊತ್ತು ಅವನು ಓದುವ ಮಾಯಾವಿದ್ಯೆಯ ಶಾಲೆಯೇ ಇಲ್ಲ. ‘ಶಾಲೆ ಯಾವಾಗ ಬರುತ್ತೆ ಚಿಕ್ಕಮ್ಮ?’ ಅಂತ ಚಿಕ್ಕವನು ಕೇಳುತ್ತಲೇ ಇದ್ದ. ದೊಡ್ಡವರ ಆಸರೆ, ಪರಿಚಯದ ಜಾಗ ಎರಡನ್ನೂ ಕಿತ್ತುಕೊಂಡರೇ ಅಲ್ವಾ ಮಕ್ಕಳು ತಾವೇ ತೀರ್ಮಾನ ಮಾಡುವುದು? ಸ್ವಲ್ಪ ಕಾಯಿರಿ.

ಅರ್ಪಣೆಯ ಪುಟ ಬಿಡಬೇಡಿ. ಹ್ಯಾರಿಯ ಕೊನೆಯ ಪುಸ್ತಕವನ್ನು ಲೇಖಕಿ ಏಳು ಪಾಲು ಮಾಡಿ ಅರ್ಪಿಸಿದ್ದಾರೆ. ಏಳನೆಯ ಪಾಲು ಕೊನೆಯವರೆಗೂ ಹ್ಯಾರಿಯ ಜೊತೆ ಉಳಿದ ಓದುಗರಿಗೆ. ಅದನ್ನು ಜೋರಾಗಿ ಓದಿ, ‘ಇದು ನಿನಗೆ’ ಅಂತ ಹೇಳಿ. ಆದರೆ ಪರಿವಿಡಿ ನೋಡಬೇಡಿ. ಅಧ್ಯಾಯದ ಹೆಸರುಗಳೇ ಗುಟ್ಟು ಬಿಟ್ಟುಕೊಡುತ್ತವೆ. ಮನೆಯಲ್ಲಿ ಮೊದಲೇ ಓದಿ ಮುಗಿಸಿದವರು ಇದ್ದರೆ ಅವರಿಗೆ ಮಾತಷ್ಟೇ ಅಲ್ಲ, ಮುಖಭಾವವೂ ನಿಷೇಧ. ಒಂದು ಪಾತ್ರದ ಹೆಸರು ಬಂದ ಕೂಡಲೇ ಅಕ್ಕ ತಲೆ ತಗ್ಗಿಸಿದರೆ ಸಾಕು, ತಮ್ಮನಿಗೆ ಎಲ್ಲ ತಿಳಿದುಹೋಗುತ್ತದೆ.

ಗಟ್ಟಿಯಾಗಿ ಓದುವವರು ಮರುದಿನದ ಅಧ್ಯಾಯವನ್ನು ಹಿಂದಿನ ರಾತ್ರಿಯೇ ಒಮ್ಮೆ ಓದಿಕೊಳ್ಳಬೇಕು. ಇಂಥ ಸರಣಿಗಳ ಕೊನೆಯಲ್ಲಿ ಸಾವು ಬರುತ್ತದೆ. ಅದು ಎಲ್ಲಿ ಬರುತ್ತದೆ ಅಂತ ನಿಮಗೆ ಗೊತ್ತಿರಬೇಕು. ಮಗು ನಿದ್ದೆಗೆ ಜಾರುವ ಹೊತ್ತಿಗೆ ಆ ಪುಟ ಬರುವುದು ಬೇಡ. ಬೆಳಕಿರುವಾಗ, ಆಮೇಲೆ ಮಾತಾಡಲು ಸಮಯ ಇರುವಾಗ ಓದಿ. ದಯವಿಟ್ಟು ಕಥೆ ಬದಲಿಸಬೇಡಿ, ಹಾರಿಸಲೂ ಬೇಡಿ. ನಾಳೆ ಮಗು ತಾನೇ ಓದಿದಾಗ ಗೊತ್ತಾಗುತ್ತದೆ, ಆಮೇಲೆ ನೀವು ಓದಿದ್ದನ್ನೆಲ್ಲ ಅನುಮಾನಿಸುತ್ತದೆ. ಆ ಪುಟ ಮುಗಿದ ಮೇಲೆ ಸಮಾಧಾನ ಹೇಳಲು ಅವಸರ ಬೇಡ. ಪುಸ್ತಕ ಮಡಿಲಲ್ಲಿಟ್ಟು ಸುಮ್ನೆ ಇರಿ. ಅಳುವವರು ಅಳಲಿ. ‘ಮುಂದೆ ಓದು’ ಅಂತ ಅವರೇ ಹೇಳುತ್ತಾರೆ.

ಅಳು ಬರಲು ಯಾರೋ ಸಾಯಲೇಬೇಕು ಅಂತೇನೂ ಇಲ್ಲ. ಲಾಯ್ಡ್ ಅಲೆಕ್ಸಾಂಡರ್ ಬರೆದ ಪ್ರಿಡೇನ್ ಸರಣಿಯಲ್ಲಿ ಐದು ಪುಸ್ತಕಗಳಿವೆ. ಕೊನೆಯದು 1968ರಲ್ಲಿ ಬಂತು, 1969ರಲ್ಲಿ ಅದಕ್ಕೆ ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ ಸಿಕ್ಕಿತು. ಈ ಸರಣಿಯಲ್ಲಿ ಒಬ್ಬ ಹಾಡುಗಾರ ಇದ್ದಾನೆ. ಅವನು ಮಾತಿಗೆ ಬಣ್ಣ ಹಚ್ಚಿದಾಗೆಲ್ಲ ಅವನ ಹಾರ್ಪ್ ಅನ್ನುವ ತಂತಿವಾದ್ಯದ ತಂತಿ ಪಟ್ಟಂತ ಹರಿಯುತ್ತದೆ. ಮೊದಲ ಪುಸ್ತಕದಿಂದ ಅದಕ್ಕೆ ನಕ್ಕು ನಕ್ಕು ಬಂದವರಿಗೆ ಮಾತ್ರ ಕೊನೆಯ ಪುಸ್ತಕದಲ್ಲಿ ಆ ಹಾರ್ಪಿಗೆ ಆಗುವುದು ಎದೆಗೆ ನಾಟುತ್ತದೆ. ಬರೀ ಸಾರಾಂಶ ಓದಿಕೊಂಡು ಬಂದವರಿಗೆ ಅದು ಸಿಗುವುದೇ ಇಲ್ಲ.

ಪಾತ್ರಗಳ ಧ್ವನಿ ಹಿಂದಿನ ಭಾಗಗಳಲ್ಲಿ ಹೇಗಿತ್ತೋ ಹಾಗೇ ಇರಲಿ. ಬದಲಾದರೆ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಮಧ್ಯದವರೆಗೆ ದಿನಕ್ಕೊಂದು ಅಧ್ಯಾಯ ಸಾಕು. ಕೊನೆಯ ಕಾಲು ಭಾಗಕ್ಕೆ ಮಾತ್ರ ಒಂದು ರಜಾದಿನ ಪೂರ್ತಿ ಎತ್ತಿಡಿ. ಅಲ್ಲಿ ತುಂಡು ತುಂಡಾಗಿ ಓದಿದರೆ ಕಟ್ಟಿದ ಬಿಗಿ ಸಡಿಲವಾಗುತ್ತದೆ.

ಎಪಿಲಾಗ್, ಅಂದರೆ ಮುಖ್ಯ ಕಥೆ ಮುಗಿದ ಮೇಲೆ ಬರುವ ಕೊನೆಯ ಚಿಕ್ಕ ಭಾಗ, ಇದ್ದರೆ ಅದನ್ನು ಮರುದಿನಕ್ಕೆ ಉಳಿಸಿ. ಹ್ಯಾರಿಯ ಕೊನೆಯ ಪುಸ್ತಕದಲ್ಲಿ ಮುಖ್ಯ ಕಥೆಗೂ ಎಪಿಲಾಗ್‌ಗೂ ನಡುವೆ 19 ವರ್ಷ ಕಳೆದಿರುತ್ತದೆ. ಓದುವವರಿಗೂ ಒಂದು ರಾತ್ರಿಯಾದರೂ ಬೇಡವಾ? ನಮ್ಮ ದೊಡ್ಡವಳಿಗೆ ಆ ಎಪಿಲಾಗ್ ಇಷ್ಟವಾಗಲಿಲ್ಲ. ಎಲ್ಲರೂ ದೊಡ್ಡವರಾಗಿದ್ದಾರೆ ಅನ್ನುವುದೇ ಅವಳ ಸಿಟ್ಟು. ಅವಳ ಮನಸ್ಸು ಬದಲಿಸಲು ನಾನು ಹೋಗಲಿಲ್ಲ. ಅವಳು ತನ್ನದೇ ಎಪಿಲಾಗ್ ಬರೆದು ತಮ್ಮನಿಗೆ ಓದಿ ಹೇಳಿದಳು. ಅವನಿಗೆ ಪುಸ್ತಕದ್ದೇ ಚೆನ್ನಾಗಿದೆ ಅನ್ನಿಸಿತು. ಆ ವಾದ ಇನ್ನೂ ಮುಗಿದಿಲ್ಲ.