ಹಳೇ ಲ್ಯಾಪ್‌ಟಾಪ್‌ನಲ್ಲಿ ಮೌರ್ಯರ ಆನೆ ಓಡಿಸೋದು ಹೇಗೆ

ಝೀರೋ ಎ.ಡಿ. ಅಂತ ಒಂದು ಯುದ್ಧದ ಆಟ ಇದೆ. ಪೂರ್ತಿ ಉಚಿತ, ಓಪನ್ ಸೋರ್ಸ್, ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸೋ ವೈನ್ ಗೀನ್ ಏನೂ ಬೇಡ. ಅದರಲ್ಲಿ ಮೌರ್ಯರಿದ್ದಾರೆ, ಚಂದ್ರಗುಪ್ತನೂ ಇದ್ದಾನೆ. ನಾನು ಹಾಸನದವನು, ಕೊನೆಗಾಲಕ್ಕೆ ನಮ್ಮ ಶ್ರವಣಬೆಳಗೊಳಕ್ಕೇ ಬಂದ ಅನ್ನೋ ರಾಜನನ್ನು ಬಿಟ್ಟು ಬೇರೆಯವರ ಕಡೆ ಆಡೋಕೆ ಮನಸ್ಸೇ ಬರಲ್ಲ. ನನ್ನದು ಮೂರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಆನೆ ಒಂದು ಹೆಜ್ಜೆ ಇಡೋಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರುತ್ತಿದ್ದೆ.

ಎಲ್ಲರೂ ಮೊದಲು ರೆಸಲ್ಯೂಷನ್ ಇಳಿಸುತ್ತಾರೆ. ನಾನೂ ಇಳಿಸಿದೆ, ಚಿತ್ರ ಮಸುಕಾಯಿತು ಅಷ್ಟೇ. ಮೊದಲು ರೋಗ ಯಾವುದು ಅಂತ ನೋಡಿ. ಆಪ್ಷನ್ಸ್‌ನಲ್ಲಿ ಎಫ್‌ಪಿಎಸ್ ತೋರಿಸೋದನ್ನು ಆನ್ ಮಾಡಿ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಅನ್ನೋ ಅಂಕಿ ಅದು. ಆಟ ತೆವಳೋಕೆ ಶುರುವಾದಾಗ ಕ್ಯಾಮೆರಾವನ್ನು ಯಾರೂ ಇಲ್ಲದ ಖಾಲಿ ಮೂಲೆಗೆ ಒಯ್ಯಿರಿ. ಅಂಕಿ ಟಕ್ಕಂತ ಮೇಲೇರಿದರೆ ಗ್ರಾಫಿಕ್ಸ್ ಸುಸ್ತಾಗಿದೆ. ಅಲ್ಲೂ ಕುಂಟುತ್ತಿದ್ದರೆ ಪ್ರೊಸೆಸರ್.

ಗ್ರಾಫಿಕ್ಸ್ ಆದರೆ ಸುಲಭ: ನೆರಳು, ನೀರಿನ ಎಫೆಕ್ಟ್, ಆಂಟಿಅಲಿಯಾಸಿಂಗ್, ಪೋಸ್ಟ್ ಪ್ರೊಸೆಸಿಂಗ್ ಎಲ್ಲ ಆಫ್. ಎಕ್ಸ್‌ಎಫ್‌ಸಿಇ ಥರದ ಹಗುರ ಡೆಸ್ಕ್‌ಟಾಪ್ ಹಾಕಿಕೊಂಡು ಅದರ ಕಾಂಪೋಸಿಟರ್ (ಕಿಟಕಿಗಳಿಗೆ ನೆರಳು ಗಿರಳು ಕೊಡೋದು) ಕೂಡ ಆಫ್ ಮಾಡಿ. ಬ್ರೌಸರ್ ಮುಚ್ಚಿ. ಬೇರೆ ಕಾರ್ಡ್ ಇಲ್ಲದವರ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್‌ನಿಂದಲೇ ತಿನ್ನೋದು, ಹಾಗಾಗಿ ಎರಡನೇ ಸ್ಲಾಟ್ ಖಾಲಿ ಇದ್ದರೆ ಒಂದು ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ಹಾಕಿಸಿ. ಎರಡೂ ಸ್ಲಾಟ್ ತುಂಬಿದರೆ ಜಾಗ ಒಂದೇ ಅಲ್ಲ, ವೇಗವೂ ಸಿಗುತ್ತದೆ.

ಆದರೆ ನನ್ನದು ಪ್ರೊಸೆಸರ್ ಕೇಸು, ನಿಮ್ಮದೂ ಬಹುಶಃ ಅದೇ. ಒಬ್ಬೊಬ್ಬ ಸೈನಿಕನೂ, ಮರ ಕಡಿಯೋ ಹೆಂಗಸೂ, ಯಾವ ದಾರಿಯಲ್ಲಿ ಹೋಗಬೇಕು ಅನ್ನೋ ಲೆಕ್ಕವನ್ನು ಪ್ರೊಸೆಸರ್ ಹಾಕುತ್ತಲೇ ಇರಬೇಕು, ಅದರ ಬಹುಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ಜನ ಜಾಸ್ತಿ ಆದಷ್ಟೂ ಲೆಕ್ಕ ಜಾಸ್ತಿ. ಹಾಗಾಗಿ ಆಟ ಶುರು ಮಾಡುವಾಗಲೇ ಪಾಪ್ಯುಲೇಷನ್ ಮಿತಿಯನ್ನು 100ಕ್ಕೆ ಇಳಿಸಿ, ಸಣ್ಣ ಮ್ಯಾಪ್ ಆರಿಸಿ, ಎದುರಿಗೆ ಒಂದೇ ಕಂಪ್ಯೂಟರ್ ಆಟಗಾರ ಇರಲಿ. ಎಂಟು ಜನರನ್ನು ಕೂರಿಸೋ ಆಸೆ ಬಿಡಿ.

ಇನ್ನೊಂದು ಕಾರಣ ಶಾಖ, ಇದನ್ನು ಯಾರೂ ನೋಡಲ್ಲ. ಟರ್ಮಿನಲ್‌ನಲ್ಲಿ ಬಿಸಿ ಎಷ್ಟಿದೆ ಅಂತ ತೋರಿಸೋ ಸೆನ್ಸರ್ಸ್ ಅನ್ನೋ ಕಮಾಂಡ್ ಕೊಟ್ಟಾಗ ನನ್ನದು 96 ಡಿಗ್ರಿ ತೋರಿಸಿತು. ಅಷ್ಟು ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸುತ್ತದೆ. ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನ್ ತೆಗೆದರೆ, ಫ್ಯಾನಿಗೂ ತಾಮ್ರದ ಪಟ್ಟಿಗಳಿಗೂ ನಡುವೆ ಬೂದು ಬಣ್ಣದ ಕಂಬಳಿ ತುಂಡಿನ ಹಾಗೆ ಧೂಳು ಕೂತಿತ್ತು, ಉಗುರಲ್ಲಿ ಎಳೆದರೆ ಒಂದೇ ಚೂರಾಗಿ ಬಂತು. ಪ್ರೊಸೆಸರ್‌ನ ಶಾಖವನ್ನು ತಾಮ್ರಕ್ಕೆ ದಾಟಿಸೋ ಹಳೇ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು, ಒರೆಸಿ ಹೊಸದು ಹಚ್ಚಿದೆ, ಅಕ್ಕಿಕಾಳಿನಷ್ಟು ಸಾಕು. ಈಗ 78 ದಾಟಲ್ಲ. ಕೆಲಸಕ್ಕೆ ಕೈ ಹಾಕೋ ಮುಂಚೆ ಬ್ಯಾಟರಿ ಬಿಚ್ಚಿಡೋದು ಮರೀಬೇಡಿ.

ಚಾರ್ಜರ್ ಹಾಕಿಕೊಂಡೇ ಆಡಿ, ಬ್ಯಾಟರಿ ಮೇಲಿದ್ದರೆ ಪವರ್ ಉಳಿಸೋಕೆ ವೇಗ ಕಡಿಮೆಯಾಗಬಹುದು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕರೆಂಟ್ ಕತೆ ಗೊತ್ತಲ್ವಾ, ಬ್ಯಾಟರಿ ಸತ್ತಿರೋ ಲ್ಯಾಪ್‌ಟಾಪ್ ಆದರೆ ಆಗಾಗ ಶಿಫ್ಟ್ ಜೊತೆ ಎಫ್5 ಒತ್ತಿ ಸೇವ್ ಮಾಡಿಕೊಳ್ಳಿ.

ನೆಟ್‌ನಲ್ಲಿ ಆಡೋರಿಗೆ ಒಂದು ಮಾತು. ಇಬ್ಬರದೂ ಒಂದೇ ವರ್ಷನ್ ಇರಬೇಕು. ಎಲ್ಲರ ಕಂಪ್ಯೂಟರೂ ಒಂದೇ ಲೆಕ್ಕವನ್ನು ಒಟ್ಟಿಗೆ ಹಾಕುತ್ತಾ ಹೋಗೋದರಿಂದ ಒಬ್ಬನದು ಹಿಂದೆ ಬಿದ್ದರೆ ಎಲ್ಲರೂ ಕಾಯಬೇಕು. ನನ್ನ ಜೊತೆ ನೆಟ್‌ನಲ್ಲಿ ಆಡೋ, ಚಿಕ್ಕಮಗಳೂರಲ್ಲಿರೋ ನಮ್ಮ ಭಾವ ಹೊಸ ಲ್ಯಾಪ್‌ಟಾಪ್ ತಗೊಂಡ ಮೇಲೂ ಆಟ ಎಳೆಯುತ್ತೆ ಅಂತ ತಿಂಗಳುಗಟ್ಟಲೆ ಇಂಟರ್ನೆಟ್‌ನವರನ್ನು ಬೈದರು. ನಾನು ಧೂಳು ತೆಗೆದ ವಾರ ಸರಿಹೋಯಿತು. ಯಾಕೆ ಅಂತ ಇನ್ನೂ ಹೇಳಿಲ್ಲ.