ಕಡಲೆ ನೀರಿನಲ್ಲಿ ಮೆರಾಂಗ್

ಕಾಬೂಲ್ ಕಡಲೆ ಬೇಯಿಸಿದ ನೀರನ್ನು ಎಷ್ಟು ವರ್ಷ ಸಿಂಕಿಗೆ ಬಗ್ಗಿಸಿದ್ದೇನೋ ಲೆಕ್ಕವಿಲ್ಲ. ಅದನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆಯೇಳುತ್ತದೆ, ಮೆರಾಂಗ್ (ನೊರೆಗೆ ಸಕ್ಕರೆ ಸೇರಿಸಿ ಓವನ್‌ನಲ್ಲಿ ಒಣಗಿಸುವ ಗರಿಗರಿ ಸಿಹಿ) ಮಾಡಬಹುದು ಎಂದು ತಂಗಿ ಹೇಳಿದಾಗ ನಕ್ಕುಬಿಟ್ಟೆ. ‘ನಗಬೇಡ ಅಕ್ಕಾ, ಒಂದ್ಸಲ ಮಾಡಿ ನೋಡು’ ಅಂದಳು. ಮನೆಯಲ್ಲಿ ಮೊಟ್ಟೆ ತಿನ್ನದವರು ಇಬ್ಬರಿದ್ದಾರೆ, ಅವರಿಗೂ ಆಗುತ್ತದಲ್ಲ ಎಂದು ಕೈಹಾಕಿದೆ.

ಈ ಉಪಾಯ ತೀರ ಹಳೆಯದೇನಲ್ಲ. ಕಾಳು ಬೇಯಿಸಿದ ನೀರು ನೊರೆ ಕಟ್ಟುವುದನ್ನು 2014ರಲ್ಲಿ ಫ್ರಾನ್ಸ್‌ನ ಗಾಯಕ ಜೊಯೆಲ್ ರೋಸೆಲ್ ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಬರೀ ಕಡಲೆ ನೀರು, ಸಕ್ಕರೆಯಿಂದ ಮೆರಾಂಗ್ ಮಾಡಿದರು. ‘ಅಕ್ವಾಫಾಬಾ’ ಎಂದು ಹೆಸರಿಟ್ಟವರೂ ಅವರೇ. ಲ್ಯಾಟಿನ್‌ನಲ್ಲಿ ಅಕ್ವಾ ಎಂದರೆ ನೀರು, ಫಾಬಾ ಎಂದರೆ ಅವರೆಯಂಥ ಕಾಳು.

ಮೊದಲ ಸಲ ಮಾಡಿದ್ದು ಪೂರ್ತಿ ಕೆಟ್ಟಿತು. ಕುಕ್ಕರಿನಿಂದ ನೀರು ಸೋಸಿಕೊಂಡು, ಆರಿದ ಕೂಡಲೇ ಬೀಟರ್ ಹಾಕಿದೆ. ನೊರೆಯೇನೋ ಬಂತು, ಆದರೆ ಪಾತ್ರೆ ತೊಳೆಯುವ ಸೋಪಿನ ನೊರೆ! ಐದು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ನೀರು, ಮೇಲೆ ನಾಲ್ಕು ಗುಳ್ಳೆ. ತಪ್ಪು ಬೀಟರಿನದಲ್ಲ, ನೀರಿನದು. ನಾನು ಕುಕ್ಕರಿಗೆ ಧಾರಾಳವಾಗಿ ನೀರು ಸುರಿದಿದ್ದೆ. ನೊರೆಯನ್ನು ಹಿಡಿದಿಡುವ ಪ್ರೋಟೀನ್, ಪಿಷ್ಟ, ಸಪೋನಿನ್ (ಕಾಳಿನಲ್ಲಿರುವ ನೊರೆ ಬರಿಸುವ ಅಂಶ) ಎಲ್ಲ ಅದರಲ್ಲಿ ತೆಳುವಾಗಿ ಹರಡಿಹೋಗಿದ್ದವು.

ಎರಡನೇ ಸಲ ಒಂದು ಕಪ್ ಕಡಲೆಯನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಉಪ್ಪು ಹಾಕದೆ ಬೇಯಿಸಿದೆ. ಸೋಸಿದ ನೀರನ್ನು ತೆರೆದ ಪಾತ್ರೆಯಲ್ಲಿ ಕುದಿಸುತ್ತಾ ಕುದಿಸುತ್ತಾ ಮುಕ್ಕಾಲು ಕಪ್ಪಿಗೆ ಇಳಿಸಿ, ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಸೌಟಿನಿಂದ ಜಾರುವಾಗ ಲೋಳೆಯಂತೆ ಎಳೆ ಬಿಡುತ್ತಿತ್ತು. ಮೊಟ್ಟೆಯ ಬಿಳಿಯಷ್ಟು ಮಂದ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಅದರಲ್ಲಿ 120 ಮಿ.ಲೀ. ತೆಗೆದುಕೊಂಡೆ. ಜಿಡ್ಡು ಇದ್ದರೆ ನೊರೆ ಏಳುವುದಿಲ್ಲ, ಹಾಗಾಗಿ ಬಟ್ಟಲನ್ನೂ ಬೀಟರಿನ ಕಡ್ಡಿಗಳನ್ನೂ ನಿಂಬೆಹೋಳಿನಿಂದ ಉಜ್ಜಿ ಒರೆಸಿದೆ. ಅರ್ಧ ಚಮಚ ನಿಂಬೆರಸ ಹಾಕಿ ಕಡೆಯತೊಡಗಿದೆ. ಮೊಟ್ಟೆಗಿಂತ ತುಂಬ ಹೊತ್ತು ಬೇಕು. ನನಗೆ ಹದಿನೈದು ನಿಮಿಷ ಹಿಡಿಯಿತು, ಕೈ ಬಿದ್ದೇ ಹೋಯಿತು. ಬೆಳ್ಳಗೆ ಉಬ್ಬಿದ ಮೇಲೆ 110 ಗ್ರಾಂ ಪುಡಿಸಕ್ಕರೆಯನ್ನು ಚಮಚ ಚಮಚವಾಗಿ ಸೇರಿಸಿದೆ. ಒಮ್ಮೆಲೇ ಸುರಿದರೆ ನೊರೆ ಕುಸಿಯುತ್ತದೆ. ಸಕ್ಕರೆ ಬರೀ ಸಿಹಿಗಲ್ಲ, ಗುಳ್ಳೆಗಳ ನಡುವಿನ ನೀರನ್ನು ಗಟ್ಟಿ ಮಾಡಿ ಬೇಗ ಇಳಿಯದಂತೆ ತಡೆಯುವುದೂ ಅದೇ. ಎರಡು ಬೆರಳ ನಡುವೆ ಉಜ್ಜಿದರೆ ಮರಳಿನಂತೆ ಸಿಗಬಾರದು. ಕೊನೆಗೆ ಉಸಿರು ಬಿಗಿಹಿಡಿದು ಬಟ್ಟಲನ್ನು ತಲೆಕೆಳಗು ಮಾಡಿದೆ. ಒಂದು ತೊಟ್ಟೂ ಬೀಳಲಿಲ್ಲ.

ಹಸಿ ನೊರೆಗೆ ಕಡಲೆಯ ವಾಸನೆ ಇರುತ್ತದೆ. ಸ್ವಲ್ಪ ವೆನಿಲಾ ಹಾಕಿದೆ, ಬೇಯುವಾಗ ಉಳಿದದ್ದೂ ಹೋಯಿತು.

ಓವನ್ ವಿಷಯದಲ್ಲಿ ಅವಸರ ಮಾಡಿ ಒಂದು ಟ್ರೇ ಕಳೆದುಕೊಂಡೆ. 130 ಡಿಗ್ರಿಗಿಟ್ಟಿದ್ದೆ, ಮೆರಾಂಗ್‌ಗಳು ಉಬ್ಬಿ, ಅಡ್ಡಬಿದ್ದು, ಕಂದು ಪಾಕವಾಗಿ ಹರಿದವು. ಮೊಟ್ಟೆಯ ಬಿಳಿ ಶಾಖಕ್ಕೆ ಗಟ್ಟಿಯಾಗುವಷ್ಟು ಈ ನೊರೆ ಗಟ್ಟಿಯಾಗುವುದಿಲ್ಲ. ಇದನ್ನು ಬೇಯಿಸುವುದು ಅನ್ನುವುದಕ್ಕಿಂತ ಒಣಗಿಸುವುದು ಅನ್ನಬೇಕು. ಇನ್ನೊಂದು ಟ್ರೇಯನ್ನು 100 ಡಿಗ್ರಿಯಲ್ಲಿ ಒಂದೂಮುಕ್ಕಾಲು ಗಂಟೆ ಇಟ್ಟು, ಓವನ್ ಆರಿಸಿ, ಬಾಗಿಲು ತೆರೆಯದೆ ಅಲ್ಲೇ ತಣಿಯಲು ಬಿಟ್ಟೆ. ಕಾಗದದಿಂದ ತಾವಾಗಿಯೇ ಬಿಟ್ಟುಕೊಂಡವು. ಬಾಯಿಗಿಟ್ಟರೆ ಕರುಮ್ಮೆಂದು ಪುಡಿಯಾಗಿ, ಕರಗಿ ಮಾಯ.

ತಂಗಿಗೆಂದು ಎಂಟು ತೆಗೆದು ತಟ್ಟೆಯಲ್ಲಿ ಮೇಜಿನ ಮೇಲಿಟ್ಟಿದ್ದೆ. ಅವಳು ಬರುವಷ್ಟರಲ್ಲಿ ಗಾಳಿಯ ತೇವ ಹೀರಿ ಅಂಟಂಟಾಗಿದ್ದವು. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟದ್ದು ಮಾತ್ರ ಗರಿಗರಿಯಾಗಿತ್ತು, ಅದನ್ನೇ ಕೊಟ್ಟೆ. ಇನ್ನು ಎರಡು ಸಲದ ಬೆಂದ ಕಡಲೆ ಫ್ರಿಜ್‌ನಲ್ಲಿ ಕೂತಿದೆ, ಅದನ್ನು ಖಾಲಿ ಮಾಡಬೇಕು.